ಡಾಕ್ಟರಿಗೆ ಹೇಳದ ಕ್ಯಾಪ್ಸೂಲು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದ್ದಾರೆ.)

ಈ ಅಕ್ಕ ನನ್ನ ಬಳಿ ಬಂದಿದ್ದು ಸಕ್ಕರೆಯ ವಿಚಾರಕ್ಕಲ್ಲ. ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ ಎಂದು. ವಯಸ್ಸು 44, ತೂಕ 86 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್. ನಮ್ಮ ಹೆಂಗಸರಿಗೆ 80 ದಾಟಿದರೇ ಎಚ್ಚರ ಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.3 ಇತ್ತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಡಾಕ್ಟರು ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟಿದ್ದರು. ಹೊಟ್ಟೆ ಕೆಟ್ಟಿತೆಂದು ಇವರು ವಾರದೊಳಗೆ ಬಿಟ್ಟಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ.

ಬದಲಿಗೆ ಏನು ತಗೊಳ್ತಿದ್ದೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬ್ಯಾಗಿನಿಂದ ಒಂದೊಂದಾಗಿ ತೆಗೆದಿಟ್ಟರು. ಆನ್‌ಲೈನಿನಲ್ಲಿ ತರಿಸಿದ ಬರ್ಬರೀನ್ ಎಂಬ ಗಿಡಮೂಲಿಕೆ ಸತ್ವದ ಕ್ಯಾಪ್ಸೂಲು, ಮಧುನಾಶಿನಿ ಪುಡಿ, ಚಕ್ಕೆ ಪುಡಿ. ಓರಗಿತ್ತಿ ಹೇಳಿದ್ದಂತೆ. ಬೆಳಗ್ಗೆ ಎದ್ದ ಕೂಡಲೇ ರಾತ್ರಿ ನೆನೆಸಿಟ್ಟ ಮೆಂತ್ಯದ ನೀರು. ಥೈರಾಯ್ಡ್ ಮಾತ್ರೆಯನ್ನೂ ಅದೇ ಲೋಟದ ಮೆಂತ್ಯದ ನೀರಿನಲ್ಲೇ ನುಂಗುತ್ತಿದ್ದರು!

"ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಕ್ಕ?"

"ಹೋದ ತಕ್ಷಣ ತೂಕದ ಮೆಷಿನ್ ಮೇಲೆ ನಿಲ್ಲಿಸ್ತಾರೆ ಮೇಡಂ. ಆಮೇಲೆ ಬಾಯಿ ಕಟ್ಟಮ್ಮ ಅಂತಾರೆ. ಎಲ್ಲರ ಮುಂದೆ."

ಕತ್ತಿನ ಹಿಂದೆ ದಪ್ಪಗೆ ಕಪ್ಪಾದ ಚರ್ಮ ಕಾಣುತ್ತಿತ್ತು. ಕೊಳೆ ಎಂದುಕೊಂಡು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿದ್ದರು. ಅದು ಕೊಳೆಯಲ್ಲ. ಹೊಟ್ಟೆಯ ಸುತ್ತ, ಲಿವರಿನಲ್ಲಿ ಕೊಬ್ಬು ಸೇರಿದಾಗ ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ಹಾಗೆ ಹೆಚ್ಚಾದ ಇನ್ಸುಲಿನ್ನಿನಿಂದಲೇ ಚರ್ಮ ಹೀಗಾಗುತ್ತದೆ. ಇದನ್ನು ಕೇಳಿ ಅವರು ಅತ್ತುಬಿಟ್ಟರು. ಅಷ್ಟು ವರ್ಷ ತಾನು ಗಲೀಜು ಎಂದೇ ನಂಬಿದ್ದರಂತೆ. ನನ್ನ ಪ್ರಕಾರ ಈ ಪ್ರಕರಣದ ಬೇರು ಆ ನಾಚಿಕೆಯಲ್ಲೇ ಇತ್ತು. ಕ್ಯಾಪ್ಸೂಲು ಆಮೇಲೆ ಬಂದದ್ದು.

ಗಿಡಮೂಲಿಕೆಯನ್ನು ನಾನು ಹೀಗಳೆಯಲಿಲ್ಲ. ಬರ್ಬರೀನ್ ನಮ್ಮ ಮರದರಿಶಿನದಲ್ಲಿರುವ ಹಳದಿ ಸತ್ವ. ಚಿಕ್ಕ ಅಧ್ಯಯನಗಳಲ್ಲಿ ಸಕ್ಕರೆ ಸ್ವಲ್ಪ ಇಳಿಸಿದ್ದುಂಟು. ಮೆಂತ್ಯದ ನಾರು ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಅಷ್ಟೇ ಏಕೆ, ಅವರು ಬಿಟ್ಟ ಮೆಟ್‌ಫಾರ್ಮಿನ್ನಿನ ಮೂಲವೂ ಗಿಡವೇ. ಯುರೋಪಿನ ಗ್ಯಾಲೆಗಾ ಎಂಬ ಗಿಡದ ಸತ್ವದ ಜಾಡು ಹಿಡಿದು ಬಂದ ಔಷಧಿ ಅದು. 1957ರಿಂದ ಸಕ್ಕರೆ ಕಾಯಿಲೆಗೆ ಬಳಕೆಯಲ್ಲಿದೆ, ಡೋಸ್ ಎಷ್ಟು ಎಂಬುದು ಗೊತ್ತಿದೆ. ಆನ್‌ಲೈನ್ ಡಬ್ಬಿಯೊಳಗೆ ನಿಜಕ್ಕೂ ಎಷ್ಟಿದೆ ಎಂದು ಯಾರು ಹೇಳುತ್ತಾರೆ? ಹೊಟ್ಟೆ ಕೆಡುತ್ತದೆ ಎಂದು ಮಾತ್ರೆ ಬಿಟ್ಟರು, ಆದರೆ ಬರ್ಬರೀನ್ ಕೂಡ ಹೊಟ್ಟೆ ಕೆಡಿಸುತ್ತದೆ. ಬೇರೆ ಕೆಲವು ಮಾತ್ರೆಗಳು ಲಿವರಿನಲ್ಲಿ ಒಡೆದುಹೋಗುವುದನ್ನೂ ಅದು ತಡೆಯುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕ್ಯಾಸಿಯಾ ಚಕ್ಕೆಯನ್ನು ಚಮಚಗಟ್ಟಲೆ ದಿನಾ ತಿಂದರೆ ಲಿವರಿಗೇ ತೊಂದರೆ.

ಔಷಧಿ ನಿಲ್ಲಿಸುವುದು, ಶುರು ಮಾಡುವುದು ನನ್ನ ಕೆಲಸವಲ್ಲ. ನಾನು ಹೇಳಿದ್ದು ಇಷ್ಟು. ಈ ಬ್ಯಾಗನ್ನು ಹಾಗೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಹೊಟ್ಟೆ ಕೆಟ್ಟಿದ್ದನ್ನು ಹೇಳಿ, ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್ ಆಗುತ್ತಾ ಕೇಳಿ. ಥೈರಾಯ್ಡ್ ಮಾತ್ರೆ ಬರೀ ನೀರಿನಲ್ಲಿ, ಖಾಲಿ ಹೊಟ್ಟೆಗೆ ತಗೊಳ್ಳಿ. ಮೆಂತ್ಯ ಅದರ ಜೊತೆ ಬೇಡ, ಸಾರಿಗೋ ಪಲ್ಯಕ್ಕೋ ಇರಲಿ. ತೂಕವನ್ನು ಎಲ್ಲರ ಮುಂದೆ ಹೇಳಬೇಡಿ ಎಂದು ನರ್ಸಿಗೆ ಹೇಳುವ ಹಕ್ಕು ನಿಮಗಿದೆ. ಇದನ್ನು ನನ್ನೆದುರೇ ಬಾಯಿಬಿಟ್ಟು ಹೇಳಿಸಿದೆ. ಮೊದಲು ಧ್ವನಿಯೇ ಹೊರಡಲಿಲ್ಲ.

ಊಟದ ವಿಚಾರಕ್ಕೂ ಬಂದೆವು. ಎಲ್ಲರಿಗೂ ಬಡಿಸಿ ರಾತ್ರಿ ಹತ್ತರ ಮೇಲೆ ಉಳಿದ ಅನ್ನ ಖಾಲಿ ಮಾಡುವುದು ಅವರ ರೂಢಿ. ಎಂಟಕ್ಕೆ ಎಲ್ಲರ ಜೊತೆ ಕೂತು ಉಣ್ಣಬೇಕು, ತಟ್ಟೆಯಲ್ಲಿ ಕಾಳು, ಸೊಪ್ಪು ಜಾಸ್ತಿ ಇರಬೇಕು, ಊಟವಾದ ಮೇಲೆ ಗಂಡನ ಜೊತೆ ಹದಿನೈದು ನಿಮಿಷ ನಡೆಯಬೇಕು ಎಂದು ಒಪ್ಪಂದವಾಯಿತು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗಲೂ ದುಡಿಯುವ ಸ್ನಾಯು ಸಕ್ಕರೆ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕೆಲವರಿಗೆ ಶೇ 7 ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಿದ್ದರು. ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 58 ಕಡಿಮೆಯಾಯಿತು, ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಶೇ 31. ಯಾವ ಪುಡಿಗೂ ಇಷ್ಟು ಗಟ್ಟಿ ಆಧಾರವಿಲ್ಲ. ಈ ಅಕ್ಕನಿಗೆ ಶೇ 7 ಅಂದರೆ ಆರು ಕಿಲೋ. ಇಪ್ಪತ್ತು ಕಿಲೋ ಇಳಿಸದಿದ್ದರೆ ದಂಡ ಎಂದುಕೊಂಡಿದ್ದವರಿಗೆ ಈ ಲೆಕ್ಕ ಧೈರ್ಯ ಕೊಟ್ಟಿತು.

ಡಾಕ್ಟರು ಬೈಯಲಿಲ್ಲ. ಮಾತ್ರೆ ಬದಲಿಸಿದರು, ಕ್ಯಾಪ್ಸೂಲು, ಪುಡಿ ಸದ್ಯಕ್ಕೆ ಬೇಡ ಎಂದರು. ಮೂರು ತಿಂಗಳ ನಂತರ ಎಚ್‌ಬಿಎ1ಸಿ 6.0, ತೂಕ 83. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಅದಕ್ಕೆ ಭೇಟಿ ಮುಂದುವರಿದಿದೆ. ಓರಗಿತ್ತಿಯ ಮಗಳು ಹೊಸದಾಗಿ ಮದುವೆಯಾದವಳು, ಪಿಸಿಒಡಿಗೆಂದು (ಅಂಡಾಶಯದ ಹಾರ್ಮೋನ್ ಏರುಪೇರು) ಇದೇ ಕ್ಯಾಪ್ಸೂಲು ನುಂಗುತ್ತಿದ್ದಾಳಂತೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಬರ್ಬರೀನ್ ಬೇಡವೇ ಬೇಡ, ಮಗುವಿಗೆ ಅಪಾಯ ಎಂದು ತಿಳಿಸಿದೆ. ಮರುದಿನವೇ ಆ ಹುಡುಗಿಯನ್ನು ಇವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.