ಜಗಳ ಬೇಡ ಸರಿ, ಲೆಕ್ಕ ಬೇಕಲ್ವಾ?

ಪ್ರಶ್ನೆ: ನನಗೆ 38 ವರ್ಷ, ಅವರಿಗೆ 42. ಮದುವೆಯಾಗಿ 12 ವರ್ಷ. ಒಂಬತ್ತು ವರ್ಷದ ಮಗಳಿದ್ದಾಳೆ. ಹೊಡೆತ, ಬೈಗುಳ, ಕುಡಿತ ಯಾವುದೂ ಇಲ್ಲ. ಆದರೆ ನಮ್ಮಿಬ್ಬರ ನಡುವೆ ಮಾತೇ ಉಳಿದಿಲ್ಲ. 14 ತಿಂಗಳಿಂದ ಒಂದೇ ಫ್ಲ್ಯಾಟಿನಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದೇವೆ. ಬೇರೆಯಾಗೋಣ ಅಂತ ಇಬ್ಬರೂ ಒಪ್ಪಿದ್ದೇವೆ. ಅಮೆರಿಕದಲ್ಲಿರುವ ಅವರ ಸಹೋದ್ಯೋಗಿ ಒಬ್ಬರು ‘ಕೊಲಾಬರೇಟಿವ್ ಡಿವೋರ್ಸ್’ ಬಗ್ಗೆ ಹೇಳಿದರಂತೆ. ಹಾಗೇ ಮಾಡೋಣ, ನನ್ನ ಸ್ನೇಹಿತನೇ ಲಾಯರ್, ಇಬ್ಬರಿಗೂ ಅವನೊಬ್ಬನೇ ಸಾಕು ಅನ್ನುತ್ತಾರೆ. ಶಿವಮೊಗ್ಗದಲ್ಲಿರುವ ನನ್ನಣ್ಣ ‘ಮೊದಲು ವರದಕ್ಷಿಣೆ ಕೇಸ್ ಹಾಕು, ತಾನಾಗೇ ದಾರಿಗೆ ಬರ್ತಾನೆ’ ಅನ್ನುತ್ತಾನೆ. ನನಗೆ ಜಗಳ ಬೇಡ. ‘ಏನೂ ಬೇಡ, ಮಗಳೊಬ್ಬಳಿದ್ದರೆ ಸಾಕು’ ಅಂದುಬಿಟ್ಟಿದ್ದೇನೆ. ತಪ್ಪು ಮಾಡಿದೆನಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಏನೂ ಬೇಡ’ ಅನ್ನುವಲ್ಲಿ ಎರಡು ಸಲವೂ ಮನಸ್ಸು ನಿಂತುಬಿಟ್ಟಿತು. ಆ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ನಿಮ್ಮ ಮನಸ್ಸು ದೊಡ್ಡದು, ಅದು ನನಗೆ ಗೊತ್ತಾಗುತ್ತದೆ. ಆದರೆ ಸಾಕಾಗಿ ಹೋದಾಗ ಬಾಯಿಂದ ಬಂದ ಮಾತು ಅದು. ಹತ್ತು ವರ್ಷ ಆದ ಮೇಲೆ ಮಗಳ ಕಾಲೇಜು ಫೀ ಕಟ್ಟುವಾಗ ಅದೇ ಮಾತು ನಿಮ್ಮನ್ನು ಚುಚ್ಚುತ್ತದೆ.

ಅಣ್ಣನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕಿರುಕುಳ ಇಲ್ಲ ಅಂತ ನೀವೇ ಬರೆದಿದ್ದೀರಿ. ಇಲ್ಲದ್ದನ್ನು ಇದೆ ಅಂತ ಹೇಳಿ ಕೇಸ್ ಹಾಕಬೇಡಿ. ಅದು ತಪ್ಪು. ಮೇಲಾಗಿ, ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ ಮೇಲೆ ಇಬ್ಬರೂ ಕೂತು ಮಾತಾಡುವ ಆಸೆ ಬಿಡಬೇಕು. ಹೊಡೆತವೋ ಬೆದರಿಕೆಯೋ ಇದ್ದಿದ್ದರೆ ನಾನೇ ಈ ಮಾತುಕತೆಯ ದಾರಿ ಬೇಡ, ಮೊದಲು ರಕ್ಷಣೆ ಕೇಳಿ ಅನ್ನುತ್ತಿದ್ದೆ.

ಇನ್ನು ನಿಮ್ಮ ಯಜಮಾನರು ಹೇಳಿದ ದಾರಿ. 1990ರಲ್ಲಿ ಅಮೆರಿಕದ ಮಿನ್ಯಾಪೊಲಿಸ್‌ನಲ್ಲಿ ಸ್ಟುವರ್ಟ್ ವೆಬ್ ಅನ್ನುವ ಲಾಯರ್ ಇದನ್ನು ಶುರು ಮಾಡಿದರು. ವಿಚ್ಛೇದನದ ಕೇಸುಗಳಲ್ಲಿ ಕೋರ್ಟಿನ ಜಗಳ ನೋಡಿ ನೋಡಿ ಅವರಿಗೆ ಬೇಸರ ಬಂದಿತ್ತು. ಕ್ರಮ ಸರಳ. ಗಂಡನಿಗೊಬ್ಬ ಲಾಯರ್, ಹೆಂಡತಿಗೊಬ್ಬ ಲಾಯರ್. ನಾಲ್ವರೂ ಒಟ್ಟಿಗೆ ಕೂರುತ್ತಾರೆ. ಯಾವ ಆಸ್ತಿ, ಯಾವ ಸಾಲವನ್ನೂ ಮುಚ್ಚಿಡುವುದಿಲ್ಲ, ಮಾತುಕತೆ ಮುಗಿಯುವ ತನಕ ಕೋರ್ಟಿಗೆ ಹೋಗುವುದಿಲ್ಲ ಅಂತ ಮೊದಲೇ ಬರೆದು ಸಹಿ ಹಾಕುತ್ತಾರೆ. ಮಾತು ಮುರಿದುಬಿದ್ದರೆ ಇಬ್ಬರು ಲಾಯರುಗಳೂ ಹಿಂದೆ ಸರಿಯಬೇಕು, ಆ ಕೇಸನ್ನು ಅವರು ಕೋರ್ಟಿನಲ್ಲಿ ನಡೆಸುವ ಹಾಗಿಲ್ಲ. ಹಾಗಾಗಿ ಜಗಳ ಬೆಳೆಸಿದರೆ ಅವರಿಗೇನೂ ಸಿಗುವುದಿಲ್ಲ. ಮುರಿದುಬಿದ್ದರೆ ನಿಮಗೂ ನಷ್ಟವೇ, ಹೊಸ ಲಾಯರಿಗೆ ಮೊದಲಿನಿಂದ ಫೀಸು ಕೊಡಬೇಕು.

ನೋಡಿಮ್ಮಾ, ಆ ಪದ್ಧತಿಯ ಜೀವವೇ ಇಬ್ಬರು ಲಾಯರು. ಅವರ ಸ್ನೇಹಿತ ಒಬ್ಬನೇ ಸಾಕು ಅಂದರೆ ಹೆಸರು ಮಾತ್ರ ಉಳಿಯಿತು. ಆ ಸ್ನೇಹಿತ ಒಳ್ಳೆಯವರೇ ಇರಬಹುದು. ಆದರೂ ನಿಮಗೆ ಬರಬೇಕಾದ್ದನ್ನು ನಿಮ್ಮ ಪರವಾಗಿ ನೋಡುವವರು ಒಬ್ಬರು ಬೇಡವೇ? ‘ನನಗೂ ಒಬ್ಬ ಲಾಯರ್ ಇರಲಿ, ಜಗಳಕ್ಕಲ್ಲ’ ಅಂತ ನೇರವಾಗಿ ಹೇಳಿ. ಖರ್ಚಿನ ಚಿಂತೆ ಇದ್ದರೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ.

ಈ ಥರ ಕೆಲಸ ಮಾಡುವ ಲಾಯರುಗಳು ನಮ್ಮಲ್ಲಿ ಕಡಿಮೆ. ಸಿಗದಿದ್ದರೆ ಮೀಡಿಯೇಷನ್ ಇದೆ. ಅಲ್ಲಿ ಯಾರ ಕಡೆಯೂ ವಾಲದ ಮಧ್ಯಸ್ಥರೊಬ್ಬರು ಕೂತು ಮಾತಾಡಿಸುತ್ತಾರೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಬೆಂಗಳೂರು ಮೀಡಿಯೇಷನ್ ಸೆಂಟರ್ 2007ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಎತ್ತುವಂತಿಲ್ಲ.

ದಾರಿ ಯಾವುದೇ ಇರಲಿ, ಕೊನೆಗೆ ಕೋರ್ಟಿಗೆ ಹೋಗಲೇಬೇಕು. ನೀವು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರು ಅಂತ ಇಟ್ಟುಕೊಂಡು ಹೇಳುತ್ತೇನೆ. 13ಬಿ ಕಲಂ ಪ್ರಕಾರ ಒಂದು ವರ್ಷ ಬೇರೆ ಇದ್ದ ಮೇಲೆ ಇಬ್ಬರೂ ಸೇರಿ ಅರ್ಜಿ ಹಾಕಬಹುದು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಅದೂ ಬೇರೆ ಇದ್ದಂತೆಯೇ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಾಗಾಗಿ ಈ 14 ತಿಂಗಳು ವ್ಯರ್ಥವಲ್ಲ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಎಲ್ಲ ಇತ್ಯರ್ಥ ಆಗಿದ್ದು, ಒಟ್ಟು ಒಂದೂವರೆ ವರ್ಷ ಬೇರೆ ಇದ್ದಿದ್ದರೆ ಕೋರ್ಟ್ ಅದನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ತೀರ್ಪಾಗಿದೆ. ಡಿಕ್ರಿ, ಅಂದರೆ ವಿಚ್ಛೇದನ ಕೊಡುವ ಕೋರ್ಟಿನ ಕೊನೆಯ ಆದೇಶ, ಆಗುವ ತನಕ ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕು ನಿಮಗೂ ಇದೆ, ಅವರಿಗೂ ಇದೆ.

ಈಗ ಲೆಕ್ಕಕ್ಕೆ ಬರೋಣ. ಫ್ಲ್ಯಾಟ್ ಯಾರ ಹೆಸರಲ್ಲಿದೆ ಅಂತ ನೀವು ಬರೆದಿಲ್ಲ. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಹುಷಾರು. ‘ಇಎಂಐ ಅವರೇ ಕಟ್ಟುತ್ತಾರೆ’ ಅಂತ ನೀವಿಬ್ಬರೂ ಎಷ್ಟು ಚೆನ್ನಾಗಿ ಬರೆದುಕೊಂಡರೂ ಬ್ಯಾಂಕಿಗೆ ಅದು ಸಂಬಂಧವಿಲ್ಲ. ಕಂತು ತಪ್ಪಿದರೆ ನಿಮಗೂ ಫೋನ್ ಬರುತ್ತದೆ. ಬ್ಯಾಂಕ್ ಒಪ್ಪಿ ನಿಮ್ಮ ಹೆಸರು ಬಿಡುವ ತನಕ ಫ್ಲ್ಯಾಟಿನ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಮಾಡಬೇಡಿ. ಮದುವೆಯಲ್ಲಿ ತವರಿನವರು ನಿಮಗೆ ಹಾಕಿದ ಒಡವೆ ನಿಮ್ಮ ಸ್ತ್ರೀಧನ. ಅದರಲ್ಲಿ ಪಾಲು ಅನ್ನುವ ಮಾತೇ ಇಲ್ಲ. ನಿಮ್ಮ ಜೀವನಾಂಶ ಬೇಡ ಅನ್ನುವ ಹಕ್ಕು ನಿಮಗಿದೆ. ಮಗಳ ಪಾಲಿನದನ್ನು ಬೇಡ ಅನ್ನುವ ಹಕ್ಕು ನಿಮಗಿಲ್ಲ. ಅದು ಅವಳದ್ದು.

ಹಿಂದೆ ಇಂಥ ಒಂದು ಮಾತುಕತೆಯಲ್ಲಿ ನಾನೂ ಕೂತಿದ್ದೆ. ಮನೆ, ಕಾರು, ಪಿಎಫ್ ಎಲ್ಲ ಎರಡು ದಿನದಲ್ಲಿ ಮುಗಿಯಿತು. ಗೌರಿ ಹಬ್ಬಕ್ಕೆ ಮಗಳು ಯಾರ ಮನೆಯಲ್ಲಿರಬೇಕು ಅನ್ನುವಲ್ಲಿ ಮಾತ್ರ ಇಬ್ಬರೂ ಕೂತಲ್ಲೇ ಕಲ್ಲಾದರು. ಆಕೆ ಅಳುತ್ತಿದ್ದರು, ಆತ ಕಿಟಕಿ ನೋಡುತ್ತಿದ್ದರು. ಮಧ್ಯಸ್ಥರು ಎದ್ದು ಹೋಗಿ ಗೋಡೆಯಲ್ಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇಳಿಸಿಕೊಂಡು ಬಂದರು. ಒಂದು ಪೆನ್ಸಿಲ್ ಕೊಟ್ಟು, ‘ಒಂದೊಂದೇ ತಿಂಗಳು ತಿರುಗಿಸಿ’ ಅಂದರು. ಯುಗಾದಿ, ಬೇಸಿಗೆ ರಜೆ, ಅಜ್ಜನ ತಿಥಿ, ದಸರಾ ರಜೆ. ಮುಕ್ಕಾಲು ಗಂಟೆ ಹಿಡಿಯಿತು. ಗೌರಿ ಹಬ್ಬ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಅಂತಾಯಿತು. ನೀವಿಬ್ಬರೂ ಹಾಗೇ ಮಾಡಿ. ‘ಮಗಳೊಬ್ಬಳಿದ್ದರೆ ಸಾಕು’ ಅಂದಿರಲ್ಲ, ಅವಳಿಗೆ ಅಪ್ಪನೂ ಬೇಕು. ವಾರದಲ್ಲಿ ಯಾವ ದಿನ ಯಾರ ಮನೆ, ಸ್ಕೂಲಿನಿಂದ ಯಾರು ಕರೆತರುತ್ತಾರೆ, ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಎಲ್ಲವನ್ನೂ ಬರೆದಿಡಿ. ಸುಮ್ನೆ ‘ಹೊಂದಿಕೊಂಡು ಹೋಗೋಣ’ ಅಂತ ಬಿಟ್ಟರೆ ಮೊದಲ ಬೇಸಿಗೆ ರಜೆಯಲ್ಲೇ ಮನಸ್ತಾಪ ಶುರುವಾಗುತ್ತದೆ.

ಈ ಶನಿವಾರ ನೀವು ಮಾಡಬೇಕಾದ್ದು ಜಾಸ್ತಿ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮನೆ, ಸಾಲ, ಎಫ್‌ಡಿ, ಇನ್ಶೂರೆನ್ಸ್, ಒಡವೆ ಎಲ್ಲ ಬರೆಯಿರಿ. ಅವರಿಗೂ ಅದೇ ಥರ ಬರೆಯಲು ಹೇಳಿ. ಮಗಳ ಬಟ್ಟೆ, ಸಂಗೀತ ಕ್ಲಾಸು, ಔಷಧಿಗೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಬೇರೆ ಪುಟದಲ್ಲಿರಲಿ.

ಮಗಳಿಗೆ ಮಾತ್ರ ಇಬ್ಬರೂ ಒಟ್ಟಿಗೆ ಕೂತು ಹೇಳಿ. ಪರೀಕ್ಷೆ ಮುಗಿಯಲಿ. ತಪ್ಪು ಯಾರದ್ದು ಅನ್ನುವ ಮಾತು ಬೇಡ. ‘ನಿನ್ನಿಂದ ಅಲ್ಲ ಪುಟ್ಟಿ’ ಅನ್ನುವುದನ್ನು ಅಪ್ಪನ ಬಾಯಿಂದಲೂ ಅವಳು ಕೇಳಬೇಕು. ಆಮೇಲೆ ಅವಳು ಕೇಳುವ ಪ್ರಶ್ನೆ ತೀರ ಸಣ್ಣದಿರಬಹುದು, ನನ್ನ ಸೈಕಲ್ ಯಾವ ಮನೆಯಲ್ಲಿರುತ್ತೆ ಅಂತಲೋ, ಅಜ್ಜಿ ಮನೆಗೆ ಯಾರ ಜೊತೆ ಹೋಗಲಿ ಅಂತಲೋ. ಅದಕ್ಕೆ ಉತ್ತರ ಮೊದಲೇ ಇಬ್ಬರೂ ಮಾತಾಡಿ ಇಟ್ಟುಕೊಂಡಿರಿ.