ಒಪ್ಪಿಗೆ ಪತ್ರದ ಮುಂದೆ ಕುಳಿತ ತಂದೆ

ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುವ ಮಕ್ಕಳ ಹೆತ್ತವರನ್ನು ಹಣದ ಚಿಂತೆಗಿಂತ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದ ಸಹಿಯೇ ತಡೆಯುವುದನ್ನು ಆಪ್ತಸಲಹೆಗಾರ್ತಿಯಾಗಿ ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ದಂಪತಿ ಸೋಮವಾರಪೇಟೆ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯವರು. 7 ತಿಂಗಳ ಹೆಣ್ಣುಮಗು ಹಾಲು ಕುಡಿಯುವಾಗ ಬೆವರುತ್ತಿತ್ತು, ಏದುಸಿರು ಬಿಡುತ್ತಿತ್ತು. ಎಕೋ ಪರೀಕ್ಷೆಯಲ್ಲಿ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ ಕಂಡಿತ್ತು. ಸರ್ಕಾರಿ ಯೋಜನೆಯಡಿ ವೆಚ್ಚಕ್ಕೆ ಮಂಜೂರಾತಿಯೂ ದೊರೆತಿತ್ತು. ಆದರೆ ತಂದೆ, ಮಗು ಮೈ ತುಂಬಿಕೊಳ್ಳಲಿ, ಕೊಯ್ಲು ಮುಗಿಯಲಿ ಎನ್ನುತ್ತ ದಿನ ದೂಡುತ್ತಿದ್ದರು.

ಅಜ್ಜಿಯನ್ನೂ ಕರೆದುಕೊಂಡು ಬಂದ ದಿನ ಅವರು ಹೇಳಿದರು: "ಮೇಡಂ, ಸಹಿ ಹಾಕಿದ ಮೇಲೆ ಏನಾದರೂ ಆದರೆ ಕೊಂದವನು ನಾನೇ ಆಗ್ತೇನೆ. ಸುಮ್ಮನಿದ್ದು ಹೋದರೆ, ದೇವರು ಕೊಟ್ಟಿದ್ದ, ದೇವರೇ ಕರ್ಕೊಂಡ ಅಂತಾರೆ." ಅಜ್ಜಿ ಹೌದೆಂದು ತಲೆಯಾಡಿಸಿದರು, ತಾಯಿ ಮಾತ್ರ ಮಗುವಿನಿಂದ ಕಣ್ಣು ತೆಗೆಯಲಿಲ್ಲ.

ಏನೂ ಆಗುವುದಿಲ್ಲವೆಂದು ನಾನು ಭರವಸೆ ಕೊಡಲಿಲ್ಲ. ಹೃದಯ-ಶ್ವಾಸಕೋಶ ಯಂತ್ರದ ನೆರವಿನಲ್ಲಿ ಹೃದಯವನ್ನು ನಿಲ್ಲಿಸಿ ತೇಪೆ ಹೊಲಿಯುವ ಚಿಕಿತ್ಸೆಯಲ್ಲಿ ಅಪಾಯವೇ ಇಲ್ಲವೆನ್ನುವುದು ಸುಳ್ಳು. ಆದರೆ ಕಾಯುವುದರಲ್ಲೂ ಅಪಾಯವಿದೆ ಎಂಬುದನ್ನು ಬಿಡಿಸಿ ಹೇಳಿದೆ. ಸಣ್ಣ ರಂಧ್ರಗಳು ಎಷ್ಟೋ ಬಾರಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಈ ಮಗುವಿನದು ಅಂಥದ್ದಲ್ಲವೆಂದು ವೈದ್ಯರು ತಿಳಿಸಿದ್ದರು. ದೊಡ್ಡ ರಂಧ್ರದ ಮೂಲಕ ಅತಿಯಾಗಿ ನುಗ್ಗುವ ರಕ್ತದಿಂದ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟುತ್ತ ಹೋಗಿ, ಒಂದು ಹಂತ ದಾಟಿದರೆ ರಂಧ್ರವನ್ನು ಮುಚ್ಚುವುದೇ ಪ್ರಾಣಕ್ಕೆ ಎರವಾಗುವುದರಿಂದ, ಆಗ ಶಸ್ತ್ರಚಿಕಿತ್ಸಕರೇ ಆಗದೆನ್ನುತ್ತಾರೆ. ಮೈ ತುಂಬದಿರುವುದಕ್ಕೂ ಆ ರಂಧ್ರವೇ ಕಾರಣವಾದ್ದರಿಂದ, ತೂಕಕ್ಕಾಗಿ ಕಾಯುವುದರಲ್ಲಿ ಅರ್ಥವಿರಲಿಲ್ಲ.

ಅಜ್ಜಿಯ ಎದುರಿನಲ್ಲೇ ಶಸ್ತ್ರಚಿಕಿತ್ಸಕರನ್ನು ಎರಡು ಪ್ರಶ್ನೆ ಕೇಳುವಂತೆ ಸಲಹೆ ಕೊಟ್ಟೆ: ಈಗ ಮಾಡಿದರೆ ಅಪಾಯವೆಷ್ಟು, ಒಂದು ವರ್ಷ ಬಿಟ್ಟರೆ ಏನಾಗುತ್ತದೆ? ಉತ್ತರ ಕೇಳಿದ ಮೇಲೆ ಒಪ್ಪುವುದಾದರೆ, ತಂದೆಯ ಸಹಿಯ ಪಕ್ಕದಲ್ಲಿ ತಾಯಿಯೂ ಸಹಿ ಹಾಕಬೇಕು, ಹೊಣೆ ಒಬ್ಬರ ತಲೆಯ ಮೇಲೆ ಬೀಳಬಾರದು ಎಂದೆ.

ಆಪ್ತಸಲಹೆಗಾರರು ಯಾವ ಕಡೆಗೂ ವಾಲಬಾರದೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಗಂಡ-ಹೆಂಡಿರ ಜಗಳದಲ್ಲಿ ಆ ಮಾತನ್ನು ನಾನೂ ಪಾಲಿಸುತ್ತೇನೆ. ಆದರೆ ಕಾಲ ಮೀರಿದರೆ ದಾರಿಯೇ ಮುಚ್ಚಿಹೋಗುವ ಕಾಯಿಲೆಯಲ್ಲಿ ನಾನು ತಟಸ್ಥಳಾಗಿ ಉಳಿದಿದ್ದರೆ, ಅದು ಮುಂದೂಡಿಕೆಗೆ ಕೊಟ್ಟ ಬೆಂಬಲವೇ ಆಗುತ್ತಿತ್ತು.

ಅವರು ಸಹಿ ಹಾಕಿ ಬೆಂಗಳೂರಿಗೆ ಹೋದರು. ಮುಂದಿನದನ್ನು ಬೇಕೆಂದೇ ಬರೆದಿಲ್ಲ. ಫಲಿತಾಂಶ ನೋಡಿ ಸಲಹೆಯನ್ನು ಅಳೆಯುವವರಿಗೆ ಆ ತಂದೆಯ ಭಯ ಅರ್ಥವಾಗಲಾರದು.