ಅಜ್ಜಿಯ ಜೇಡರಬಲೆ, ಪ್ರಯೋಗಾಲಯದ ರೇಷ್ಮೆ

(ನಾಪೋಕ್ಲಿನ ಓದುಗರೊಬ್ಬರ ಪತ್ರದ ಸಾರ: ಕಾಫಿ ಗಿಡದ ಚಿಗುರು ತೆಗೆಯುವಾಗ ಕತ್ತಿ ತಗುಲಿ ಹೆಬ್ಬೆರಳು ಸೀಳಿತು. ಅಜ್ಜಿ ಅಟ್ಟದ ಜೇಡರಬಲೆ ತಂದು ಮೆತ್ತಿದರು, ರಕ್ತ ನಿಂತಿತು. ವಿದೇಶದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಜೇಡರ ರೇಷ್ಮೆ ತಯಾರಿಸಿದ್ದಾರಂತೆ. ಹಾಗಾದರೆ ಅಜ್ಜಿ ಮಾಡಿದ್ದೇ ಸರಿ ತಾನೆ?)

ಮಾನ್ಯರೇ,

ಮೊದಲು ಹೆಬ್ಬೆರಳಿನ ವಿಚಾರ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡಿರೋ ಇಲ್ಲವೋ ನೀವು ಬರೆದಿಲ್ಲ. ಇಲ್ಲವಾದರೆ ಈ ಪುಟ ಮಡಚಿಟ್ಟು ಆಸ್ಪತ್ರೆಗೆ ಹೋಗಿ ಬನ್ನಿ. ಆ ರೋಗಾಣುವಿನ ಬೀಜಕಗಳು ಮಣ್ಣು, ಧೂಳಿನಲ್ಲಿರುತ್ತವೆ. ಅಟ್ಟದ ಬಲೆಯಲ್ಲಿ ಧೂಳಿಗೇನು ಬರವೇ?

ಅಜ್ಜಿಯ ಮಾತು ತೆಗೆದುಹಾಕಲು ನನಗೂ ಮನಸ್ಸಿಲ್ಲ. ರಕ್ತ ಹೆಪ್ಪುಗಟ್ಟಲು ನೂಲಿನ ಜಾಲರಿ ಆಸರೆಯಾಗಿರಬಹುದು. ಆದರೆ ಬಲೆಯೇ ಔಷಧ ಎನ್ನುವುದು ಬೇರೆ ಮಾತು. 2021ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹಲವು ಜಾತಿಯ ಜೇಡಗಳ ರೇಷ್ಮೆಯನ್ನು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ತಡೆಯುವ ಗುಣ ಕಾಣಲಿಲ್ಲ. ಹೌದೆಂದಿದ್ದ ಹಳೆಯ ವರದಿಗಳ ವಿಧಾನದಲ್ಲೇ ಕುಂದಿದೆ ಎಂಬುದು ಅವರ ವಾದ.

ನೀವು ಓದಿದ ರೇಷ್ಮೆಗೆ ಆ ಗುಣವನ್ನು ಮನುಷ್ಯರೇ ಪೋಣಿಸಿದ್ದಾರೆ. ಅದರ ತಯಾರಿಯಲ್ಲಿ ಜೇಡವೇ ಇಲ್ಲ! ರಾಮನಗರದ ಕಡೆ ರೇಷ್ಮೆಹುಳು ಸಾಕುವಂತೆ ಜೇಡಗಳನ್ನು ಒಂದೇ ತಟ್ಟೆಯಲ್ಲಿ ಸಾಕಲು ಹೋದರೆ ಒಂದನ್ನೊಂದು ತಿನ್ನುತ್ತವೆ. ಆದ್ದರಿಂದ ಜೇಡದ ರೇಷ್ಮೆಯ ವಂಶವಾಹಿಯನ್ನು ಹೋಲುವ ವಂಶವಾಹಿಯೊಂದನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಪ್ರೋಟೀನ್ ಪಡೆಯುತ್ತಾರೆ. ಕಳ್ಳನ ಕೈಯಲ್ಲೇ ಬೀಗ ಮಾಡಿಸಿದ ಹಾಗೆ.

2011ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಪೋರ್ಚುಗಲ್ ಮತ್ತು ಅಮೆರಿಕದ ವಿಜ್ಞಾನಿಗಳು ಈ ರೇಷ್ಮೆಯ ವಂಶವಾಹಿಗೆ ಡಿಫೆನ್ಸಿನ್‌ನ ವಂಶವಾಹಿಯನ್ನು ಜೋಡಿಸಿದರು. ಡಿಫೆನ್ಸಿನ್ ಎಂದರೆ ಸೋಂಕಿನ ವಿರುದ್ಧ ನಮ್ಮ ಬಿಳಿ ರಕ್ತಕಣಗಳೇ ಬಳಸುವ ಪುಟ್ಟ ಪ್ರೋಟೀನ್. ಅದರ ಮೈಯಲ್ಲಿ ಧನ ವಿದ್ಯುದಾವೇಶ, ಬ್ಯಾಕ್ಟೀರಿಯಾದ ಪೊರೆಯಲ್ಲಿ ಋಣ. ಅಂಟಿಕೊಂಡು ಪೊರೆಯನ್ನೇ ಕೆಡಿಸುತ್ತದೆ. ಜೇನುನೊಣವೂ ತನ್ನ ತುಪ್ಪಕ್ಕೆ ತನ್ನದೇ ಡಿಫೆನ್ಸಿನ್ ಬೆರೆಸುತ್ತದೆ. ಅಜ್ಜಿ ಬಲೆಯ ಬದಲು ಭಾಗಮಂಡಲದ ಜೇನು ಹಚ್ಚಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. ಕೃತಕ ರೇಷ್ಮೆಗೆ ಲೀವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಅನ್ನು ರಾಸಾಯನಿಕವಾಗಿ ಕಟ್ಟಿದರು. ಅದು ನಿಧಾನವಾಗಿ ಬಿಡುಗಡೆಯಾಗುತ್ತಾ ಕನಿಷ್ಠ ಐದು ದಿನ ಕೆಲಸ ಮಾಡಿತು. ನನಗೆ ಹೆಚ್ಚು ಹಿಡಿಸಿದ್ದು ಮೊದಲಿನ ದಾರಿ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವಾಗ ಅದೇ ಮದ್ದನ್ನು ಹೊಸ ನೂಲಿಗೆ ಕಟ್ಟಿದರೆ ಎಷ್ಟು ಕಾಲ ಬಾಳೀತು?

ಇವೆರಡೂ ಪ್ರಯೋಗಾಲಯದ ಫಲಿತಾಂಶಗಳು. ಸದ್ಯಕ್ಕೆ ಗಾಯವನ್ನು ಶುದ್ಧ ನೀರಿನಲ್ಲಿ ತೊಳೆದು ಶುಭ್ರವಾದ ಬಟ್ಟೆ ಕಟ್ಟಿ. ತೋಟದ ಸಾಲಿನಲ್ಲಿ ಮುಖಕ್ಕೆ ಬಡಿಯುವ ಬಲೆಯನ್ನು ಅದರ ಪಾಡಿಗೆ ಬಿಡಿ. ಅಜ್ಜಿಗೆ ಈ ಉತ್ತರ ಓದಿ ಹೇಳಿ. ಅವರು ಬೈದರೆ ಅದನ್ನೂ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

– ಸಂ.